ಮಂಗನ ಆಟದ ಟಿವಿ ಗೇಮ್: ಒಂದು ಹಂತ ಕಮ್ಮಿ, ವೇಗವೂ ಕಮ್ಮಿ

ಶಿವಮೊಗ್ಗದ ಗಾಂಧಿ ಬಜಾರ್ ಕಡೆ ಕೊಂಡ, ಕಂಪನಿ ಹೆಸರೇ ಇಲ್ಲದ ಟಿವಿ ಗೇಮ್ ಇದು. ಜೊತೆಗೆ ಕೊಟ್ಟ ಹಳದಿ ಕಾರ್ಟ್ರಿಜ್ ಮೇಲೆ 9999 ಆಟ ಅಂತ ಬರೆದಿದೆ. ಇರೋದು ಬೆರಳೆಣಿಕೆಯಷ್ಟು, ಅವೇ ಬೇರೆ ಬೇರೆ ಹೆಸರಲ್ಲಿ ಸುತ್ತಿ ಸುತ್ತಿ ಬರುತ್ತವೆ. ಅದರಲ್ಲಿ ನಾನು ಇವತ್ತಿಗೂ ಆಡೋದು ಡಾಂಕಿ ಕಾಂಗ್ ಒಂದನ್ನೇ. ಪೀಪಾಯಿ ಉರುಳಿಸೋ ದೊಡ್ಡ ಮಂಗನ ಕೈಯಿಂದ ಹುಡುಗಿಯನ್ನು ಬಿಡಿಸೋಕೆ ಮಾರಿಯೊ ಅನ್ನೋನು ಮೇಲೆ ಹತ್ತೋ ಆಟ. ನಮ್ಮನೆಯಲ್ಲಿ ಅದಕ್ಕೆ ಮಂಗನ ಆಟ ಅಂತಲೇ ಹೆಸರು. ತೋಟಕ್ಕೆ ನುಗ್ಗೋ ಮಂಗಗಳು ಸಾಲದು ಅಂತ ಟಿವಿಯೊಳಗೂ ಒಂದನ್ನು ಸಾಕಿದ್ದೀಯಾ ಅಂತ ಅಜ್ಜಿ ಬೈಯುತ್ತಿದ್ದರು.

ಇದು ಯಾವ ಡಾಂಕಿ ಕಾಂಗ್ ಅಂತ ಮೊದಲು ಹೇಳಿಬಿಡ್ತೀನಿ. 1981ರ ಆರ್ಕೇಡ್ (ಕಾಯಿನ್ ಹಾಕಿ ಆಡೋ ಮೆಷಿನ್) ಆಟದಲ್ಲಿ ನಾಲ್ಕು ಹಂತ: 25, 50, 75, 100 ಮೀಟರ್. 1983ರ ಜುಲೈನಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ ಫ್ಯಾಮಿಕಾಮ್ ಅನ್ನೋ ಮನೆ ಗೇಮ್ ಮೆಷಿನ್ ತಂದಾಗ ಅದರ ಜೊತೆಗೇ ಬಂದ ಆಟದಲ್ಲಿ 50 ಮೀಟರ್ ಇಲ್ಲ. ಬೆಲ್ಟ್ ಮೇಲೆ ಸಿಮೆಂಟ್ ಬಾಣಲಿ ಸಾಗುವ ಹಂತ ಅದು. ಇಡೀ ಆಟವನ್ನು 24 ಕಿಲೋಬೈಟ್‌ನಲ್ಲಿ ತುರುಕಿದ್ದಾರೆ. ಫ್ಯಾಮಿಕಾಮ್‌ನ ನಕಲಾದ ಈ ಪೆಟ್ಟಿಗೆಯಲ್ಲಿ ಇರೋದೂ ಅದೇ. 2010ರಲ್ಲಿ ಯುರೋಪಿನ ಕೆಂಪು ವೀ ಮೆಷಿನ್‌ನಲ್ಲಿ ನಿಂಟೆಂಡೊದವರೇ ಆ ಹಂತವನ್ನು ವಾಪಸ್ ಸೇರಿಸಿ ಕೊಟ್ಟರು. ನಮಗೇನು ಬಂತು?

ವೇಗದ ಕಥೆ ಇನ್ನೂ ಮಜಾ. ಆಟ ಬರೆದದ್ದು ಜಪಾನಿನ ಟಿವಿಗೆ, ಅಲ್ಲಿ ಸೆಕೆಂಡಿಗೆ 60 ಚಿತ್ರ. ನಮ್ಮ ಟಿವಿಯದು ಪಾಲ್ ಅನ್ನೋ ಪದ್ಧತಿ, ಸೆಕೆಂಡಿಗೆ 50. ಹಾಗಾಗಿ ಮಾರಿಯೊ ಆರು ಹೆಜ್ಜೆ ಇಡಬೇಕಾದ ಹೊತ್ತಲ್ಲಿ ಐದೇ ಇಡುತ್ತಾನೆ. ಹಾಡೂ ಎಳೆದಂತೆ ಕೇಳುತ್ತದೆ. ವರ್ಷಗಟ್ಟಲೆ ಇದೇ ಸರಿಯಾದ ವೇಗ ಅಂದುಕೊಂಡಿದ್ದೆ. ಸಾಗರದಲ್ಲಿ ಭಾವನ ಮಗನ ಗೇಮ್ ಮೆಷಿನ್ ನಿಂಟೆಂಡೊ ಸ್ವಿಚ್‌ನಲ್ಲಿ 2018ರಲ್ಲಿ ಬಿಟ್ಟ ಆರ್ಕೇಡ್ ಆವೃತ್ತಿ ಆಡಿದಾಗ, ಪೀಪಾಯಿಗಳು ನನ್ನ ಕೈಗಿಂತ ಮುಂಚೆ ಬಂದವು! ಮನೆಗೆ ಬಂದು ನಮ್ಮ ಪೆಟ್ಟಿಗೆ ಹಾಕಿದರೆ ಮಂಗನಿಗೇ ನಿದ್ದೆ ಬಂದಂಗಿತ್ತು.

ಆದರೆ ಈ ನಿಧಾನ 75 ಮೀಟರ್‌ನಲ್ಲಿ ವರ. ಎಡಗಡೆ ಲಿಫ್ಟ್ ಮೇಲಕ್ಕೆ ಹೋಗುತ್ತೆ, ಬಲಗಡೆಯದು ಕೆಳಕ್ಕೆ. ಮಾರಿಯೊ ತನ್ನ ಎತ್ತರಕ್ಕಿಂತ ಚೂರು ಜಾಸ್ತಿ ಕೆಳಗೆ ಬಿದ್ದರೂ ಸತ್ತ. ಹಾಗಾಗಿ ಮೇಲೇರುವ ಲಿಫ್ಟಿನಿಂದ ಹಾರುವಾಗ ಅವಸರ ಮಾಡಬಾರದು. ಪಕ್ಕದ ಕಟ್ಟೆಯ ಮಟ್ಟಕ್ಕೆ ಬರಲಿ, ಆಗ ಹಾರಿ. ಕೊನೆಯಲ್ಲಿ ಮೇಲುಗಡೆ ಸ್ಪ್ರಿಂಗ್‌ಗಳು ಕುಪ್ಪಳಿಸುತ್ತಾ ಬಂದು ಬಲಕ್ಕೆ ಧೊಪ್ಪೆಂದು ಬೀಳುತ್ತವೆ. ಒಂದು ತಲೆ ಮೇಲೆ ಹಾದುಹೋದ ತಕ್ಷಣ ಓಡಬೇಕು, ಇಲ್ಲಾ ಅಲ್ಲೇ ನಿಲ್ಲಬೇಕು. ಅರ್ಧ ಮನಸ್ಸು ಮಾಡಿದರೆ ಮುಗೀತು. ಇದೊಂದು ಹಂತಕ್ಕಾಗಿಯೇ ಆಟಕ್ಕೆ ನನ್ನ ಪೂರ್ತಿ ಅಂಕ.

25 ಮೀಟರ್‌ನ ಪೀಪಾಯಿ ಒಡೆಯೋ ಸುತ್ತಿಗೆ ಮಾತ್ರ ಮಕ್ಕಳಿಗೆ. ಕೈಯಲ್ಲಿ ಹಿಡಿದರೆ ಹಾರೋಕಾಗಲ್ಲ, ಏಣಿ ಹತ್ತೋಕಾಗಲ್ಲ. 100 ಮೀಟರ್ ಚೆನ್ನಾಗಿದೆ, ಅಷ್ಟೇ. ಸುಲಭ ಅನ್ನಿಸಿದರೆ ಮೆನುವಿನಲ್ಲಿ ಗೇಮ್ ಬಿ ಆರಿಸಿ.

ಇನ್ನು ಮೆಷಿನ್. ಬೇಸಿಗೆಯಲ್ಲಿ ಗಟ್ಟಿಮುಟ್ಟು. ಆಷಾಢದ ಮಳೆ ಹಿಡಿಯಿತೋ, ಕಾರ್ಟ್ರಿಜ್‌ನ ಪಿನ್‌ಗಳಿಗೆ ಕಿಲುಬು. ಪರದೆ ತುಂಬಾ ಬಣ್ಣದ ಚೌಕಗಳು, ಅಕ್ಷರ ಉಲ್ಟಾಪಲ್ಟಾ. ಎಲ್ಲರೂ ಮಾಡೋ ಹಾಗೆ ಬಾಯಿಂದ ಊದಬೇಡಿ, ಉಸಿರಿನ ತೇವಕ್ಕೆ ಕಿಲುಬು ಜಾಸ್ತಿ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ನಾನು ಮಳೆಗಾಲದಲ್ಲಿ ಅದನ್ನು ಅಕ್ಕಿ ಡಬ್ಬದಲ್ಲಿಡುತ್ತೇನೆ, ಹೆಂಡತಿಗೆ ಇದು ಇಷ್ಟವಿಲ್ಲ. ಜೊತೆಗೆ ಕೊಟ್ಟ ಅಡಾಪ್ಟರ್ ನಮ್ಮೂರಿನ ವೋಲ್ಟೇಜಿಗೆ ಒಂದು ಮಳೆಗಾಲವೂ ತಡೆಯಲಿಲ್ಲ. ಹೊಸದು ತರುವಾಗ ವೋಲ್ಟ್ ಅಷ್ಟೇ ಅಲ್ಲ, ಪಿನ್ನಿನ ಪ್ಲಸ್ ಮೈನಸ್ಸೂ ನೋಡಿ.

ಮನೆಯಲ್ಲಿ ಹಳೇ ಡಬ್ಬಾ ಟಿವಿ ಇದ್ದರೆ ಗುಜರಿಗೆ ಹಾಕಬೇಡಿ. ನಮ್ಮ ಹೊಸ ಎಲ್ಇಡಿ ಟಿವಿಯಲ್ಲಿ ಬಟನ್ ಒತ್ತಿದ್ದು ಒಂದು ಗಳಿಗೆ ತಡವಾಗಿ ಕಾಣುತ್ತೆ, ಪೀಪಾಯಿ ಆಟಕ್ಕೆ ಅದು ವಿಷ.

ನಾಲ್ಕೂ ಹಂತ ಬೇಕು ಅನ್ನೋರು, ಸ್ವಿಚ್ ಇದ್ದರೆ ಅದರಲ್ಲೇ ಆಡಿ. ಸುಮ್ನೆ ಸಂಜೆ ಮಳೆಗೆ ಕೂತು ಆಡೋಕೆ ಇದು ಸಾಕು, ಆದರೆ ಸಾವಿರಕ್ಕಿಂತ ಜಾಸ್ತಿ ಕೊಡಬೇಡಿ. ಅಂಗಡಿಯಲ್ಲೇ ಹಾಕಿಸಿ, ರಿಮೋಟಿನ ಬಲ ಬಟನ್ ಹತ್ತಿಪ್ಪತ್ತು ಸಲ ಒತ್ತಿ ನೋಡಿ. ಮೊದಲು ಸವೆಯೋದು ಅದೇ.