ನನ್ನ ಕೋವಿಗೆ 6×42 ಫಿಕ್ಸೆಡ್ ಸ್ಕೋಪ್: ನಾಲ್ಕು ಸೀಸನ್ ಕಳೆದ ಮೇಲೆ

ಆ ಗಂಡು ಜಿಂಕೆ ನಲವತ್ತೇ ಗಜದಲ್ಲಿ ನಿಂತಿತ್ತು. ಸ್ಕೋಪಿನಲ್ಲಿ, ಅಂದರೆ ಕೋವಿಯ ಮೇಲಿನ ದುರ್ಬೀನಿನಲ್ಲಿ, ನನಗೆ ಕಂಡದ್ದು ಮಾತ್ರ ಬರೀ ಕಂದು ಕೂದಲು. ಹೆಗಲೋ ತೊಡೆಯೋ ತಿಳಿಯಲಿಲ್ಲ. ಆಗ ಕೋವಿಯ ಮೇಲಿದ್ದದ್ದು ಉಂಗುರ ತಿರುಗಿಸಿದಂತೆ 3ರಿಂದ 9 ಪಟ್ಟಿನವರೆಗೆ ದೊಡ್ಡದಾಗಿ ತೋರಿಸುವ ವೇರಿಯಬಲ್ ಸ್ಕೋಪ್. ಬೆಳಿಗ್ಗೆ ದೂರ ಕಾಯುವಾಗ 9ಕ್ಕೆ ಇಟ್ಟವಳು ಮತ್ತೆ 3ಕ್ಕೆ ಇಳಿಸಿರಲಿಲ್ಲ. ಚಳಿಗೆ ಬಿಗಿದುಕೊಂಡಿದ್ದ ಉಂಗುರವನ್ನು ಕೈಗವಸಿನಲ್ಲೇ ತಿರುಗಿಸುವಷ್ಟರಲ್ಲಿ ಜಿಂಕೆ ಲಾರೆಲ್ ಪೊದೆಯೊಳಗೆ ನುಗ್ಗಿತು. ಅದೇ ವಾರ ಆ ಸ್ಕೋಪ್ ಬಿಚ್ಚಿದೆ.

ನಾನು ಹುಟ್ಟಿದ್ದು ಕೊಡಗಿನ ಪೊನ್ನಂಪೇಟೆ ಕಡೆ, ಈಗಿರುವುದು ಪೆನ್ಸಿಲ್ವೇನಿಯಾದಲ್ಲಿ. ಆಸ್ಪತ್ರೆಯಲ್ಲಿ ನರ್ಸ್. ಊರಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವಳು. ಬೇಟೆಯ ಮಾತು ತಾತನ ಕಾಲದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಲ್ಲಿಗೇ ನಿಂತಿತು, ನಿಲ್ಲಬೇಕಾದದ್ದೇ. ಇಲ್ಲಿ ಕೋರ್ಸು ಮುಗಿಸಿ, ಲೈಸೆನ್ಸ್ ತೆಗೆದುಕೊಂಡು, ಕಿತ್ತಳೆ ಬಣ್ಣದ ಜಾಕೆಟ್ಟು ಟೋಪಿ ಹಾಕಿಕೊಂಡು ವರ್ಷಕ್ಕೆ ಕೆಲವು ದಿನ ಬಿಳಿಬಾಲದ ಜಿಂಕೆಗೆ ಕೂರುತ್ತೇನೆ. ಹೊಡೆದದ್ದನ್ನು ಮನೆಮಂದಿ ತಿನ್ನುತ್ತೇವೆ. ಕೊಡಗಿನ ಹುಳಿ ಕಾಚಂಪುಳಿ ಹಾಕಿ ಮಾಡಿದರೆ ಊರ ಅಡುಗೆಯೇ.

ಪವರ್, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆಂಬುದು, ಬದಲಾಗದ ಫಿಕ್ಸೆಡ್ ಸ್ಕೋಪಿನ ಹುಚ್ಚು ಹಿಡಿಸಿದ್ದು ನನಗೆ ಬೇಟೆ ಕಲಿಸಿದ ಪಕ್ಕದ ಮನೆಯ ಅಜ್ಜ. ಅವರ ಮಾರ್ಲಿನ್ 336 ಕೋವಿಯ ಮೇಲೆ ಟೆಕ್ಸಸ್‌ನ ಎಲ್ ಪಾಸೋದಲ್ಲಿ ತಯಾರಾದ ಹಳೆಯ ವೀವರ್ ಕೆ4 ಸ್ಕೋಪ್ ಕೂತಿದೆ. ಕಪ್ಪು ಬಣ್ಣ ಸವೆದು ಉಕ್ಕು ಹೊಳೆಯುತ್ತದೆ. ಅವರು ಕೂರುವ ಜಾಗದಲ್ಲಿ ಎಂಬತ್ತು ಗಜದಾಚೆ ಏನೂ ಕಾಣದು, ಅಲ್ಲಿಗೆ 4 ಪವರ್ ಹೇಳಿ ಮಾಡಿಸಿದ್ದು. ನಾನು ಕೂರುವುದು ಕರೆಂಟ್ ಲೈನಿಗಾಗಿ ಮರ ಕಡಿದ ಉದ್ದನೆಯ ಪಟ್ಟಿಯ ಅಂಚಿನಲ್ಲಿ. ಜಿಂಕೆಗಳು ಅದನ್ನು ದಾಟುವುದು ಹೆಚ್ಚಾಗಿ ನೂರರಿಂದ ಇನ್ನೂರು ಗಜದೊಳಗೆ. ಅದಕ್ಕೇ 6 ಆರಿಸಿದೆ. ಪವರ್ ಎಷ್ಟಿರಬೇಕೆಂದು ಕೇಳುವವರಿಗೆ ನಾನು ಮೊದಲು ಕೇಳುವುದು, ನೀವು ಎಲ್ಲಿ ಕೂರುತ್ತೀರಿ ಎಂದು.

ಕೊಂಡದ್ದು ಲ್ಯುಪೋಲ್ಡ್ ಎಫ್‌ಎಕ್ಸ್-3, 6×42: ಪವರ್ 6, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಬಳಸಿದ ಮಾಲು, 340 ಡಾಲರ್ ಕೊಟ್ಟೆ. ಎಸ್‌ಡಬ್ಲ್ಯುಎಫ್‌ಎ ಕಂಪನಿಯ 6×42 ಅನ್ನೂ ಹಿಡಿದು ನೋಡಿದ್ದೆ. ಡಯಲ್ ತಿರುಗಿಸಿ ದೂರದ ಗುರಿ ಹೊಡೆಯುವವರಿಗೆ ಅದು ಒಳ್ಳೆಯದು. ಆದರೆ ತೂಕ ಅರ್ಧ ಕಿಲೋ ಮೀರುತ್ತದೆ, ಅದರೊಳಗಿನ ತೆಳು ಗುರಿಗೆರೆಗಳು ನನ್ನ ಕಣ್ಣಿಗೆ ಸಂಜೆಯ ಕಾಡಿನಲ್ಲಿ ಕರಗಿ ಹೋದವು. ಲ್ಯುಪೋಲ್ಡ್‌ನದು ಡ್ಯೂಪ್ಲೆಕ್ಸ್ ರೆಟಿಕಲ್, ಅಂದರೆ ಗುರಿಗೆರೆಗಳು ಹೊರಗೆ ದಪ್ಪ, ನಡುವೆ ಸಣ್ಣ. ಮಬ್ಬಿನಲ್ಲಿ ಸಣ್ಣ ಗೆರೆ ಮಾಯವಾದರೂ ನಾಲ್ಕು ದಪ್ಪ ಗೆರೆಗಳ ನಡುವೆ ಗುರಿ ಹಿಡಿಯಬಹುದು.

ಮಬ್ಬಿನ ಮಾತು ಬಂತಲ್ಲ, ಅದೇ ಮುಖ್ಯ. ಇಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೂ ಹೊಡೆಯಲು ಅನುಮತಿ ಇದೆ, ಜಿಂಕೆ ಹೊರಬರುವುದೂ ಆಗಲೇ. 42ನ್ನು 6ರಿಂದ ಭಾಗಿಸಿದರೆ 7 ಮಿಲಿಮೀಟರ್: ಸ್ಕೋಪಿನಿಂದ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆಯ ಅಗಲ. 40 ಮಿಲಿಮೀಟರ್ ಗಾಜಿನ ನನ್ನ ಹಳೆಯ ಸ್ಕೋಪ್ 9ರಲ್ಲಿದ್ದಾಗ ಇದು 4.4 ಮಾತ್ರ. ವಯಸ್ಸಾದಂತೆ ಕತ್ತಲಲ್ಲೂ ಪಾಪೆ ಪೂರ್ತಿ 7ಕ್ಕೆ ಅರಳುವುದಿಲ್ಲ, ಹಾಗಾದರೆ ಉಳಿದ ಬೆಳಕು ದಂಡವೇ ಎಂದು ಕೇಳಬಹುದು. ಅಲ್ಲ. ದಪ್ಪ ಕೋಟು ತೊಟ್ಟು, ಅವಸರದಲ್ಲಿ ಕೋವಿ ಹೆಗಲಿಗೆ ಏರಿಸಿದಾಗ ಕಣ್ಣು ತುಸು ಆಚೀಚೆ ಆಗುತ್ತದೆ. ಬಿಲ್ಲೆ ಅಗಲವಾಗಿದ್ದರೆ ಆಗಲೂ ಚಿತ್ರ ಕಪ್ಪಾಗುವುದಿಲ್ಲ. ಈ ಸೌಕರ್ಯವನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಪರೀಕ್ಷಿಸಲು ಆಗದು. ಸೂರ್ಯ ಮುಳುಗುವ ಹೊತ್ತಿಗೆ ಮನೆ ಹಿಂದೆ ನಿಂತು, ಬೋಲ್ಟ್ ಕಳಚಿದ ಕೋವಿಯಲ್ಲಿ ಮರದ ಬುಡ ನೋಡಿ.

ಕನ್ನಡಕ ಹಾಕುವವರು ಐ ರಿಲೀಫ್, ಅಂದರೆ ಚಿತ್ರ ಪೂರ್ತಿ ಕಾಣಲು ಕಣ್ಣು ಸ್ಕೋಪಿನಿಂದ ಎಷ್ಟು ದೂರ ಇರಬೇಕೆಂಬುದನ್ನು, ವಿಚಾರಿಸದೆ ಕೊಳ್ಳಬೇಡಿ. ಹಿಂದಿನ ಸ್ಕೋಪ್ ನನ್ನ .308 ಕೋವಿಯ ಒದೆತಕ್ಕೆ ಒಮ್ಮೆ ಕನ್ನಡಕಕ್ಕೆ ಬಡಿದು ಹುಬ್ಬು ಸೀಳಿತ್ತು. ಇದರಲ್ಲಿ ನಾಲ್ಕು ಇಂಚಿಗೂ ಮಿಕ್ಕಿದ ಜಾಗ ಸಿಗುತ್ತದೆ, ಇಲ್ಲಿಯವರೆಗೆ ಒಮ್ಮೆಯೂ ತಾಗಿಲ್ಲ.

ಒಂದೇ ಪವರ್ ಇರುವುದರಿಂದ ಆಗುವ ದೊಡ್ಡ ಲಾಭ ನನಗೆ ಎರಡನೇ ವರ್ಷ ಅರಿವಿಗೆ ಬಂತು. ಜಿಂಕೆಯ ಎದೆ ಬೆನ್ನಿಂದ ಹೊಟ್ಟೆಗೆ ಸುಮಾರು 16 ಇಂಚು. ಅಷ್ಟೇ ಅಳತೆಯ ರಟ್ಟು ಕತ್ತರಿಸಿ 50, 100, 150, 200 ಗಜದಲ್ಲಿ ನೆಟ್ಟು, ದಪ್ಪ ಗೆರೆಗಳ ನಡುವೆ ಅದು ಎಷ್ಟು ಜಾಗ ತುಂಬುತ್ತದೆಂದು ಮತ್ತೆ ಮತ್ತೆ ನೋಡಿದೆ. ಈಗ ಜಿಂಕೆ ಬಂದ ಕೂಡಲೇ ದೂರ ಹೊಳೆಯುತ್ತದೆ. ಸಾಮಾನ್ಯ ವೇರಿಯಬಲ್‌ನಲ್ಲಿ ಪವರ್ ಬದಲಾದಂತೆ ಈ ಲೆಕ್ಕವೂ ಬದಲಾಗುತ್ತದೆ. ನನ್ನ 150 ಗ್ರೇನ್ ತೂಕದ ಗುಂಡು 100 ಗಜದಲ್ಲಿ ಎರಡು ಇಂಚು ಮೇಲೆ ಬೀಳುವಂತೆ ಸ್ಕೋಪ್ ಹೊಂದಿಸಿದ್ದೇನೆ. ಇನ್ನೂರಕ್ಕೆ ಸರಿಯಾಗಿ ಬೀಳುತ್ತದೆ, ಅದರಾಚೆ ನಾನು ಹೊಡೆಯುವುದಿಲ್ಲ.

ಕೊರತೆ ಇಲ್ಲವೇ? ಇದೆ. ನೂರು ಗಜಕ್ಕೆ ಸುಮಾರು 17 ಅಡಿ ಅಗಲ ಕಾಣುತ್ತದೆ, ಎಂದರೆ ಮೂವತ್ತು ಗಜದಲ್ಲಿ ಐದೇ ಅಡಿ. ಪೊದೆಯೊಳಗೆ ಓಡುವ ಪ್ರಾಣಿಗೆ 6 ಪವರ್ ಹೆಚ್ಚೇ. ಅಜ್ಜನ ಜಾಗದಲ್ಲಿ ಕೂರುವವರು 4ನ್ನೇ ಕೊಳ್ಳಿ.

ಮಂಜಿನ ಬಗ್ಗೆ ಒಂದು ಮಾತು. 1940ರ ದಶಕದಲ್ಲಿ ಮಾರ್ಕಸ್ ಲ್ಯುಪೋಲ್ಡ್ ಅವರ ಸ್ಕೋಪಿನೊಳಗೆ ಮಂಜು ಕಟ್ಟಿ ಜಿಂಕೆ ತಪ್ಪಿತಂತೆ. ಕಂಪನಿ ಸ್ಕೋಪ್ ಮಾಡಲು ಹೊರಟದ್ದು ಆ ಸಿಟ್ಟಿನಿಂದ ಎಂದು ಕಂಪನಿಯವರೇ ಹೇಳಿಕೊಳ್ಳುತ್ತಾರೆ. ಜಿಂಕೆ ಕಳೆದುಕೊಂಡವಳಾದ ನನಗೆ ಆ ಸಿಟ್ಟು ಅರ್ಥವಾಗುತ್ತದೆ. ನನ್ನದು ಹಿಮದಲ್ಲಿ ನೆನೆದು ಬಿಸಿ ಕಾರಿಗೆ ಬಂದಾಗ ಹೊರಗಾಜು ಮಸುಕಾಗುತ್ತದೆ, ಒರೆಸಿದರೆ ಹೋಗುತ್ತದೆ. ಒಳಗೆ ಒಂದು ಹನಿಯೂ ಕಂಡಿಲ್ಲ.

ಹೋದ ವರ್ಷ ಅಪ್ಪ ಬಂದಿದ್ದರು. ಕಣ್ಣಿಟ್ಟು ನೋಡಿ, ಕೊಳವೆಯನ್ನು ಬೆರಳಲ್ಲಿ ಸವರಿ, "ಇದರಲ್ಲಿ ತಿರುಗಿಸೋದು ಎಂತದೂ ಇಲ್ವಾ ಮಗಾ?" ಅಂದರು. "ಇಲ್ಲಪ್ಪ." "ಹಾಗಾದ್ರೆ ಕೆಡೋದೂ ಕಮ್ಮಿ" ಅಂತ ಇನ್ನೊಮ್ಮೆ ಕಣ್ಣಿಟ್ಟರು.

ಈ ಮಾದರಿ ಹುಡುಕುವವರು ಬಳಸಿದ ಮಾಲಿಗೇ ಕೈ ಹಾಕಬೇಕಾದೀತು. ಅದಕ್ಕೆ ಅಂಜಬೇಕಿಲ್ಲ, ಕಂಪನಿಯ ಜೀವಮಾನದ ಗ್ಯಾರಂಟಿ ಎರಡನೇ ಒಡೆಯರಿಗೂ ಸಲ್ಲುತ್ತದೆ, ರಸೀದಿ ಕೇಳುವುದಿಲ್ಲ. ಆದರೂ ಬೆಳಕಿಗೆ ಹಿಡಿದು ಒಳಗಾಜಿನಲ್ಲಿ ಮಸುಕು ಇದೆಯೇ ನೋಡಿ. ಸ್ಕೋಪನ್ನು ಕೋವಿಗೆ ಬಿಗಿಯುವ ರಿಂಗ್ ಕಚ್ಚಿದ ಜಾಗದಲ್ಲಿ ಕೊಳವೆ ತಗ್ಗಾಗಿದೆಯೇ ಎಂದು ಉಗುರು ಎಳೆದು ನೋಡಿ. ಕೋವಿಗೆ ಕೂರಿಸಿದ ಮೇಲೆ ಒಂದು ಗುಂಡು ಹಾಕಿ, ಆಮೇಲೆ ಗುರಿ ಹೊಂದಿಸುವ ತಿರುಪುಗಳನ್ನು ಎರಡು ಇಂಚು ಮೇಲೆ, ಎರಡು ಇಂಚು ಬಲಕ್ಕೆ, ಮತ್ತೆ ಅಷ್ಟೇ ಕೆಳಗೆ, ಎಡಕ್ಕೆ ತಿರುಗಿಸುತ್ತಾ ಪ್ರತಿ ಸಲ ಒಂದೊಂದು ಗುಂಡು ಹಾಕಿ. ಐದನೆಯದು ಮೊದಲನೆಯದರ ಪಕ್ಕದಲ್ಲೇ ಬಿದ್ದರೆ ಇಟ್ಟುಕೊಳ್ಳಿ.