ರಂಗನತಿಟ್ಟಿನ ದೋಣಿ ಸುತ್ತು: ಹೊರಡುವ ಮುಂಚೆ ಕೆಆರ್‌ಎಸ್ ಮಟ್ಟ ನೋಡಿ

ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಪಕ್ಷಿಧಾಮದಲ್ಲಿ ಅರಣ್ಯ ಇಲಾಖೆ ನಡೆಸುವ ದೋಣಿ ಸುತ್ತು ಚಿಕ್ಕದು, ಆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಹುಟ್ಟು ಹಾಕುವ ದೋಣಿಯಾದ್ದರಿಂದ ಗೂಡಿನಲ್ಲಿ ಕೂತ ಬಣ್ಣದ ಕೊಕ್ಕರೆ ಬೆದರಿ ಏಳುವುದಿಲ್ಲ. ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳೂ ಹತ್ತಿರದಲ್ಲೇ ಕಾಣುತ್ತವೆ. ಕೈಯನ್ನು ನೀರಿಗೆ ಇಳಿಬಿಡಬೇಡಿ.

ಸುತ್ತಿನ ಪೂರ್ತಿ ಸೊಗಸು ಸಿಗಬೇಕಾದರೆ ಹಕ್ಕಿಯ ಹೆಸರಿನ ಜೊತೆಗೆ ನದಿಯ ಕಥೆಯೂ ಗೊತ್ತಿರಬೇಕು. 1645–48ರಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ನೀರು ಹಿಂದಕ್ಕೆ ನಿಂತು ತಗ್ಗೆಲ್ಲ ಮುಳುಗಿತು, ಎತ್ತರದ ನೆಲ ಮತ್ತು ಬಂಡೆಗಳು ನಡುಗಡ್ಡೆಯಾಗಿ ಉಳಿದವು. ಸುತ್ತ ನೀರಿದ್ದರೆ ನಾಯಿ, ನರಿ ಗೂಡಿಗೆ ಬರುವುದು ಕಷ್ಟ. ಮೇವಿಗೆ ನದಿಯ ಮೀನು ಇದೆ; ಬಾಯ್ಕಳಕ ಕೊಕ್ಕರೆಗಂತೂ ಸುತ್ತಲಿನ ಭತ್ತದ ಗದ್ದೆಯ ಬಸವನಹುಳುವೇ ಮುಖ್ಯ ಆಹಾರ. ಕಾಡು ಕಡಿಯದೆ ಉಳಿಸಿದ ಜಾಗವಲ್ಲ ಇದು, ಮನುಷ್ಯ ನದಿಗೆ ಕೈ ಹಾಕಿದ್ದರಿಂದಲೇ ಹುಟ್ಟಿದ್ದು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಈಗ ಇಲ್ಲಿನ ನೀರು ಏರುವುದು, ಇಳಿಯುವುದು ಮೇಲಿನ ಕೆಆರ್‌ಎಸ್ ಅಣೆಕಟ್ಟಿನ ಗೇಟುಗಳ ಕೈಯಲ್ಲಿದೆ. ಮಳೆಗಾಲದಲ್ಲಿ ಜಲಾಶಯ ತನ್ನ ಪೂರ್ಣ ಮಟ್ಟವಾದ 124.80 ಅಡಿಗೆ ಸಮೀಪಿಸಿ ಹೊರಹರಿವು ಹೆಚ್ಚಿದರೆ ದೋಣಿ ನಿಲ್ಲುತ್ತದೆ, ತಗ್ಗಿನ ಕೊಂಬೆಗಳ ಗೂಡು ಮುಳುಗುತ್ತವೆ, ತಿಟ್ಟುಗಳ ಅಂಚು ಕೊಚ್ಚಿಹೋಗುತ್ತದೆ. ಅಂಚಿನಲ್ಲಿ ಪೇರಿಸಿದ ಮರಳು ಮೂಟೆ ಕಂಡರೆ ಅದು ಈ ಕೊರೆತ ತಡೆಯಲು ಹಾಕಿದ್ದು. ನೀರು ತೀರ ಇಳಿದರೂ ಕೇಡೇ: ತಿಟ್ಟು ದಡಕ್ಕೆ ಹತ್ತಿರವಾಗಿ ನಾಯಿಗಳಿಗೆ ದಾರಿಯಾಗುತ್ತದೆ. ಹಾಗಾಗಿ ಜುಲೈ, ಆಗಸ್ಟಿನಲ್ಲಿ ಹೋಗುವವರು ಅಂದಿನ ಹೊರಹರಿವು ವಿಚಾರಿಸಿಯೇ ಹೊರಡಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ (ಪೆಲಿಕನ್) ಗೂಡು ನೋಡಬೇಕಿದ್ದರೆ ಫೆಬ್ರವರಿ, ಮಾರ್ಚ್ ಒಳ್ಳೆಯದು.

ಬೆಳಗಿನ ಮೊದಲ ದೋಣಿಗಳೇ ಉತ್ತಮ. ಭಾನುವಾರ ಬೇಡ, ಸಾಲು ಉದ್ದವಿರುತ್ತದೆ. ಫೋಟೋ ತೆಗೆಯುವವರಿಗೆ ಹಂಚಿಕೆಯ ದೋಣಿಯ ಸಮಯ ಸಾಲದು, ಹೆಚ್ಚು ಹಣವಾದರೂ ಪ್ರತ್ಯೇಕ ದೋಣಿ ಪಡೆಯಿರಿ. ಅಲುಗುವ ದೋಣಿಯಲ್ಲಿ ಟ್ರೈಪಾಡ್ ನಿಲ್ಲುವುದಿಲ್ಲ, 300–400 ಮಿ.ಮೀ. ಲೆನ್ಸನ್ನು ಕೈಯಲ್ಲೇ ಹಿಡಿದು ಶಟರ್ ವೇಗ 1/1000ಕ್ಕಿಂತ ಕೆಳಗಿಳಿಸಬೇಡಿ. ಎದ್ದು ನಿಲ್ಲಬೇಡಿ, ಗೂಡಿಗೆ ಇನ್ನಷ್ಟು ಹತ್ತಿರ ಒಯ್ಯುವಂತೆ ದೋಣಿಯವರನ್ನು ಒತ್ತಾಯಿಸಲೂಬೇಡಿ: ತಾಯಿ ಎದ್ದರೆ ಬಿಸಿಲಿಗೆ ಮರಿ ಬಾಡುತ್ತದೆ, ಕಾಗೆ ಮೊಟ್ಟೆ ಕದಿಯುತ್ತದೆ.