554 ಅಂತ ಅಚ್ಚಾಗಿರೋ ಐಸಿ ತಗೊಳ್ಳೋ ಮುಂಚೆ ಇದನ್ನ ಓದಿ

ಬೆಂಗಳೂರಿನ ಎಸ್.ಪಿ. ರೋಡಲ್ಲಿ 16ಸಿ554 (ನಾಲ್ಕು ಯಂತ್ರಗಳ ಸೀರಿಯಲ್ ಡೇಟಾ ತಗೊಳ್ಳೋ ಐಸಿ) ಹುಡುಕ್ತಿರೋರು ದಯವಿಟ್ಟು ಹುಷಾರು. ನಾನು ಮೋಸ ಹೋದೆ. ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿದೆ, ಆದ್ರೂ ಹೇಳಲೇಬೇಕು.

ಶಿರಸಿಯ ಅಡಿಕೆ ವ್ಯಾಪಾರಿ ಒಬ್ಬರಿಗೆ ನಾಲ್ಕು ತೂಕದ ಯಂತ್ರಗಳನ್ನ ಒಂದೇ 8051 ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಬೇಕಿತ್ತು. 8051ರಲ್ಲಿ ಇರೋದು ಒಂದೇ ಸೀರಿಯಲ್ ಪೋರ್ಟ್. ಅದಕ್ಕೇ ನಾಲ್ಕು ಚಾನೆಲ್‌ನ 554. ಒಂದೊಂದು ಚಾನೆಲ್ಲಿಗೂ 16 ಬೈಟ್ ಫೈಫೋ (ಬಂದ ಅಕ್ಷರಗಳು ಸರದಿಯಲ್ಲಿ ಕಾಯೋ ಜಾಗ), ನನಗೆ ಬೇಕಿದ್ದಿದ್ದೇ ಅದು. 68 ಕಾಲಿನ ಐಸಿ, ಒಂದಕ್ಕೆ 450 ರೂಪಾಯಿಯಂತೆ ನಾಲ್ಕು ತಂದೆ. ಬಿಲ್ ಕೇಳಿದ್ರೆ ಬಿಳಿ ಚೀಟೀಲಿ ಬರೆದುಕೊಟ್ರು.

ಮನೇಲಿ ಒಂದು ಯಂತ್ರ ಇಟ್ಟು ನೋಡಿದಾಗ ಸರಿಯಿತ್ತು. ಅಲ್ಲಿ ಹೋಗಿ ನಾಲ್ಕೂ ಹಚ್ಚಿದ್ರೆ, ಹಮಾಲರು, ಗುಮಾಸ್ತರು ಎಲ್ಲರೆದುರು 48.25 ಕೆ.ಜಿ. ಮೂಟೆ 4.25 ಅಂತ ಬಂತು! ವ್ಯಾಪಾರಿ ಏನೂ ಅನ್ನಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಒಂಬತ್ತು ರಾತ್ರಿ ನನ್ನ ಪ್ರೋಗ್ರಾಮನ್ನೇ ಕೆದಕಿದೆ. ಒಂಬತ್ತು ರಾತ್ರಿ! 9600 ಬಾಡ್ ವೇಗದಲ್ಲಿ ಹೆಚ್ಚುಕಮ್ಮಿ 1 ಮಿಲಿಸೆಕೆಂಡಿಗೆ ಒಂದು ಅಕ್ಷರ ಬರುತ್ತೆ, ಎಲ್‌ಸಿಡಿ ಒರೆಸೋಕೇ ಒಂದೂವರೆ ಬೇಕು. ಫೈಫೋ ಇದ್ರೆ ಅಕ್ಷರ ಅಲ್ಲೇ ಕಾಯುತ್ತೆ, ಇಲ್ಲಾಂದ್ರೆ ಹೋಯ್ತು. ಕೊನೆಗೆ ಫೈಫೋ ಆನ್ ಮಾಡೋಕೆ ಐಸಿಯ 2ನೇ ರಿಜಿಸ್ಟರಿಗೆ 01 ಬರೆದು ಅದೇ ವಿಳಾಸ ಓದಿದೆ. ಫೈಫೋ ಇದ್ರೆ ಮೇಲಿನ ಎರಡು ಬಿಟ್ 1 ಆಗಬೇಕು. ನಾಲ್ಕು ಐಸಿಯಲ್ಲೂ 0. ಅಸಿಟೋನ್ ಹಚ್ಚಿ ಉಜ್ಜಿದೆ, 554 ಅನ್ನೋ ಬರಹ ಹತ್ತಿಗೆ ಬಂತು.

ಅಂಗಡಿಯವರಿಗೆ ಫೋನ್ ಮಾಡಿದೆ. "ಐಸಿ ಒರಿಜಿನಲ್ಲೇ ಸಾರ್, ನಿಮ್ಮ ಪ್ರೋಗ್ರಾಂ ತಪ್ಪಿರಬೇಕು." ಬರಹ ಅಳಿಸಿಹೋಯ್ತು ಅಂದೆ. "ಬೆಸುಗೆ ಹಾಕಿದ ಮಾಲು ವಾಪಸ್ ಇಲ್ಲ." ಸಾಕೆಟ್ಟಲ್ಲಿ ಕೂರಿಸಿದ್ದು ಕಣ್ರೀ, ಬೆಸುಗೆ ಎಲ್ಲಿಂದ ಬಂತು ಅಂದೆ. ಆಗ ಹೇಳಿದ್ರು: "454 ಆದ್ರೇನು ಸಾರ್, ಅದೂ ನಾಲ್ಕು ಚಾನೆಲ್ಲೇ ಅಲ್ವಾ?"

ನಾನು 454 ಅನ್ನೋ ಹೆಸರೇ ಎತ್ತಿರಲಿಲ್ಲ. ಫೈಫೋ ಇಲ್ಲದ ಹಳೇ ಐಸಿ ಅದು, ಕಾಲುಗಳು 554ರಂತೆಯೇ. ಗೊತ್ತಿದ್ದೇ ಕೊಟ್ಟಿದ್ರು. ಗೊತ್ತಿದ್ದೇ!

ಪಕ್ಕಾ ಬಿಲ್ ಕೊಡದ ಕಡೆ ತಗೋಬೇಡಿ. ತಗೊಂಡಿದ್ರೆ ಇವತ್ತೇ ಆ ಎರಡು ಬಿಟ್ ಓದಿ ನೋಡಿ. ಆಮೇಲೆ ಮತ್ತೆ ಮೂರು ಸಲ ಫೋನ್ ಮಾಡಿದೆ, ಎತ್ತಿಲ್ಲ. ಸೋಮವಾರ ನಾಲ್ಕು ಐಸಿನೂ, ಆ ಹತ್ತಿನೂ ತಗೊಂಡು ಅಂಗಡಿಗೇ ಹೋಗ್ತಿದ್ದೀನಿ.